ಅಂಬೇಡ್ಕರ್, ಬುದ್ಧ, ಮಾರ್ಕ್ಸ್ ಮತ್ತು ಬಂಡವಾಳಶಾಹಿ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ 14 ಹತ್ತಿರ ಬಂದರೆ ಸಾಕು, ಈ ಪ್ರಶ್ನೆಗಳು ವಾಟ್ಸಾಪ್‌ನಲ್ಲಿ ಓಡಾಡಲು ಶುರುವಾಗುತ್ತವೆ. ಅಂಬೇಡ್ಕರ್ ಪಕ್ಕಾ ಸಮಾಜವಾದಿ ಅಂತ ಒಬ್ಬರು. ಅಲ್ಲ, ಮುಕ್ತ ಮಾರುಕಟ್ಟೆಯ ಅರ್ಥಶಾಸ್ತ್ರಜ್ಞ ಅಂತ ಇನ್ನೊಬ್ಬರು. ಮೂರನೆಯವರು ಬುದ್ಧನ ಚಿತ್ರ ಹಾಕಿ, ಇದೆಲ್ಲ ಯಾಕೆ, ಮನಶ್ಶಾಂತಿ ಮುಖ್ಯ ಅಂದುಬಿಡುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಮಿಕರ ಪರ ನಿಂತ ಅಂಬೇಡ್ಕರ್ ಬೇರೆ, ಬೌದ್ಧರಾದ ಅಂಬೇಡ್ಕರ್ ಬೇರೆ ಅಂತ ಎರಡು ಮಾಡಿಕೊಂಡರೆ ಇಬ್ಬರೂ ಕೈಗೆ ಸಿಗುವುದಿಲ್ಲ.

ಒಂದೇ ಮಾತಲ್ಲಿ ಹೇಳಿ. ಅಂಬೇಡ್ಕರ್ ಬಂಡವಾಳಶಾಹಿಯ ವಿರೋಧಿನಾ?

ಹೌದು. ಆದರೆ ದುಡ್ಡಿನ ವಿರೋಧಿ ಅಲ್ಲ. ಯಂತ್ರದ ವಿರೋಧಿಯಂತೂ ಅಲ್ಲವೇ ಅಲ್ಲ.

ಅವರು ಓದಿದ್ದೇ ಅರ್ಥಶಾಸ್ತ್ರ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿಎಸ್‌ಸಿ ಪಡೆದರು. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲೇ ಅವರ ದಾರಿ ಕಾಣುತ್ತದೆ. ಜಮೀನು ತುಂಡು ತುಂಡಾಗಿರುವುದು ನಿಜವಾದ ರೋಗ ಅಲ್ಲ, ಆ ತುಂಡಿಗೆ ಜಾಸ್ತಿ ಜನ ನೇತುಬಿದ್ದಿರುವುದು ರೋಗ, ಅವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕು ಅನ್ನುವುದು ಆ ವಾದ. ಅಂದರೆ ಕೈಗಾರಿಕೆ ಬೇಕು. ಅವರಿಗೆ ಬೇಡವಾಗಿದ್ದು, ಕೈಗಾರಿಕೆಯ ಒಡೆಯನಿಗೆ ದುಡಿಯುವವನ ಬದುಕಿನ ಮೇಲೆ ಸಿಗುವ ಲಂಗುಲಗಾಮಿಲ್ಲದ ಅಧಿಕಾರ.

ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರುಗಳು ಅಂದಿದ್ದು ನಿಜವಾ?

ನಿಜ. 1938ರ ಫೆಬ್ರವರಿ, ಮಹಾರಾಷ್ಟ್ರದ ಮನ್ಮಾಡ್. ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ದಲಿತ ಕೆಲಸಗಾರರ ಸಮ್ಮೇಳನ. ಈ ದೇಶದ ಕಾರ್ಮಿಕರಿಗೆ ಎರಡು ಶತ್ರುಗಳಿದ್ದಾರೆ ಅಂತ ಅಲ್ಲಿ ಹೇಳಿದರು. ಬ್ರಾಹ್ಮಣಶಾಹಿ ಅಂದರೆ ಒಂದು ಜಾತಿಯ ಜನ ಅಂತ ಅರ್ಥ ಅಲ್ಲ, ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನು ಇಲ್ಲ ಅನ್ನುವ ಮನೋಭಾವ, ಅದು ಎಲ್ಲ ಜಾತಿಗಳಲ್ಲೂ ಇದೆ ಅಂತಲೂ ಅಲ್ಲೇ ಬಿಡಿಸಿ ಹೇಳಿದರು. ವಾಟ್ಸಾಪ್ ಕತ್ತರಿಯಲ್ಲಿ ಈ ಎರಡನೇ ಭಾಗ ಉದುರಿಹೋಗುತ್ತದೆ.

ಆ ಭಾಷಣದಲ್ಲಿ ನನಗೆ ಮುಖ್ಯ ಅನಿಸುವುದು ಘೋಷಣೆ ಅಲ್ಲ, ಅವರು ಕೊಟ್ಟ ಉದಾಹರಣೆಗಳು. ರೈಲ್ವೆಯಲ್ಲಿ ದಲಿತ ಸೇರುತ್ತಿದ್ದದ್ದು ಗ್ಯಾಂಗ್‌ಮನ್ ಆಗಿ. ಹಳಿಯ ಕೆಲಸ. ಬಿಸಿಲು, ಮಳೆ, ಅಲ್ಲೇ ವಯಸ್ಸು ಮುಗಿಯುತ್ತಿತ್ತು, ಬಡ್ತಿಯ ಮಾತೇ ಇಲ್ಲ. ಪೋರ್ಟರ್ ಕೆಲಸವೂ ಸಿಗುತ್ತಿರಲಿಲ್ಲ. ಯಾಕೆ ಗೊತ್ತಾ? ಸ್ಟೇಷನ್ ಮಾಸ್ಟರು ಪೋರ್ಟರನ್ನು ಮನೆಗೆಲಸಕ್ಕೂ ಕರೆಯುತ್ತಿದ್ದರು. ಮನೆಯೊಳಗೆ ಬರಬಾರದವನನ್ನು ಪೋರ್ಟರ್ ಮಾಡಿಕೊಂಡು ಏನು ಪ್ರಯೋಜನ? ರೈಲ್ವೆ ಬ್ರಿಟಿಷರ ಕಂಪನಿ, ರೂಲ್ಸ್ ಪುಸ್ತಕದಲ್ಲಿ ಜಾತಿ ಇಲ್ಲ. ಆದರೂ ಅಡುಗೆಮನೆಯ ಹೊಸ್ತಿಲು ಪ್ಲಾಟ್‌ಫಾರ್ಮಿನ ಕೆಲಸವನ್ನು ತೀರ್ಮಾನ ಮಾಡುತ್ತಿತ್ತು.

ಮುಂಬೈಯ ಬಟ್ಟೆ ಗಿರಣಿಗಳಲ್ಲೂ ಇದೇ ಕತೆ. ಜಾಸ್ತಿ ಸಂಬಳ ಇದ್ದದ್ದು ನೇಯ್ಗೆ ವಿಭಾಗದಲ್ಲಿ. ಅಲ್ಲಿ ದಲಿತರಿಗೆ ಪ್ರವೇಶ ಇರಲಿಲ್ಲ. ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಉರುಳೆ ಹಾಕಿ, ಅದರ ಎಳೆಯನ್ನು ಲಾಳಿಯ ಸಣ್ಣ ತೂತಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ದಲಿತನ ಬಾಯಿ ತಾಕಿದ ಲಾಳಿಯನ್ನು ತಾವು ಮುಟ್ಟುವುದಿಲ್ಲ ಅಂದವರು ಗಿರಣಿ ಮಾಲೀಕರಲ್ಲ, ಜೊತೆಗೆ ದುಡಿಯುವ ಕಾರ್ಮಿಕರು. ಎಂಜಲಿನ ಮಡಿ ಹೀಗೆ ತಿಂಗಳ ಸಂಬಳವನ್ನೇ ಕತ್ತರಿಸಿತು.

ಹಾಗಿದ್ದರೆ ಕಮ್ಯುನಿಸ್ಟರ ಜೊತೆ ಯಾಕೆ ಸೇರಲಿಲ್ಲ?

ಸೇರಿದ್ದೂ ಉಂಟು, ಜಗಳ ಆಡಿದ್ದೂ ಉಂಟು.

1928ರ ಗಿರಣಿ ಮುಷ್ಕರದ ಹೊತ್ತಲ್ಲಿ ನೇಯ್ಗೆ ವಿಭಾಗದ ಪ್ರವೇಶವನ್ನೂ ಬೇಡಿಕೆಗಳ ಪಟ್ಟಿಗೆ ಸೇರಿಸಿ ಅಂತ ಅಂಬೇಡ್ಕರ್ ಕೇಳಿದರು. ಮುಖಂಡರು ಒಪ್ಪಿದ್ದು ಒಲ್ಲದ ಮನಸ್ಸಿನಿಂದ. ಹತ್ತು ವರ್ಷದ ನಂತರ, 1938ರ ನವೆಂಬರ್ 7ರಂದು, ಮುಂಬೈ ಸರ್ಕಾರದ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಅವರೂ ಕಮ್ಯುನಿಸ್ಟರೂ ಸೇರಿಯೇ ಮುಷ್ಕರ ಮಾಡಿದರು. ಮುಷ್ಕರ ಹೂಡುವುದನ್ನು ಅಪರಾಧ ಮಾಡಿದರೆ ಕಾರ್ಮಿಕನನ್ನು ಗುಲಾಮ ಮಾಡಿದಂತೆ ಅನ್ನುವುದು ಅವರ ವಾದವಾಗಿತ್ತು. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ. ಅದರ ಬಾವುಟ ಕೂಡ ಕೆಂಪು. ಕೊಂಕಣದ ಖೋತಿ ಜಮೀನ್ದಾರಿ ರದ್ದಾಗಬೇಕು ಅಂತ 1937ರಲ್ಲಿ ಮಸೂದೆ ತಂದರು. ಮರುವರ್ಷ ಜನವರಿಯಲ್ಲಿ ಸಾವಿರಾರು ರೈತರು ಮುಂಬೈಗೆ ಮೆರವಣಿಗೆ ಬಂದರು.

ಭಿನ್ನಾಭಿಪ್ರಾಯ ಇದ್ದದ್ದು ಬೇರೆ ಕಡೆ. ಮೊದಲು ಆರ್ಥಿಕ ಕ್ರಾಂತಿ ಆಗಲಿ, ಜಾತಿ ತಾನಾಗಿ ಉದುರುತ್ತದೆ ಅನ್ನುವುದು ಸಮಾಜವಾದಿಗಳ ಲೆಕ್ಕ. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಇದಕ್ಕೆ ನೇರವಾಗಿ ಉತ್ತರ ಕೊಟ್ಟರು. ಕ್ರಾಂತಿಗೆ ಜನ ಒಟ್ಟಾಗಿ ಎದ್ದೇಳಬೇಕು, ಅಲ್ವಾ? ಎದ್ದ ಮೇಲೆ ಪಕ್ಕದವನು ತನ್ನನ್ನು ಸಮಾನವಾಗಿ ಕಾಣುತ್ತಾನೆ ಅನ್ನುವ ನಂಬಿಕೆಯೇ ಇಲ್ಲದಿದ್ದರೆ ಯಾರು ಎದ್ದೇಳುತ್ತಾರೆ? ಜಾತಿ ಬರೀ ಕೆಲಸವನ್ನು ಹಂಚಿಲ್ಲ, ಕೆಲಸ ಮಾಡುವವರನ್ನೇ ಹಂಚಿ, ಒಬ್ಬರ ಮೇಲೊಬ್ಬರನ್ನು ಕೂರಿಸಿದೆ ಅಂದರು. ಲಾಳಿಯ ಕತೆ ಗೊತ್ತಿದ್ದವರಿಗೆ ಇದು ಪುಸ್ತಕದ ಮಾತು ಅನಿಸುವುದಿಲ್ಲ.

ಬಂಡವಾಳಶಾಹಿಗೆ ಅವರ ಬಳಿ ಪರ್ಯಾಯ ಏನಿತ್ತು? ಬರೀ ಟೀಕೆನಾ?

ಇತ್ತು, ಅದೂ ಕಲಂ ಕಲಂ ಆಗಿ ಬರೆದಿಟ್ಟದ್ದು. 1947ರ ಮಾರ್ಚ್‌ನಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆ ಕೊಟ್ಟ ಮನವಿ ಅದು. 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಅಂತ ಹೆಸರು. ನನ್ನ ಪ್ರಕಾರ ಜಾಸ್ತಿ ಹೊಗಳಿಸಿಕೊಂಡು ಕಡಿಮೆ ಓದಿಸಿಕೊಂಡ ಬರಹ.

ಅದರಲ್ಲಿ ಇರುವುದು ಇಷ್ಟು. ಬಹುಮುಖ್ಯ ಕೈಗಾರಿಕೆಗಳು ಸರ್ಕಾರದ ಒಡೆತನದಲ್ಲಿ ಇರಬೇಕು, ಸರ್ಕಾರವೇ ನಡೆಸಬೇಕು. ವಿಮೆ ಪೂರ್ತಿ ಸರ್ಕಾರದ್ದು. ವಯಸ್ಕರೆಲ್ಲ ತಮ್ಮ ಸಂಬಳಕ್ಕೆ ತಕ್ಕ ಜೀವವಿಮೆ ಮಾಡಿಸಲೇಬೇಕು. ಕೃಷಿಯೂ ಸರ್ಕಾರಿ ಉದ್ಯಮ. ಜಮೀನು ಸರ್ಕಾರ ಪಡೆಯುತ್ತದೆ, ಒಡೆಯರಿಗೆ ಪರಿಹಾರವಾಗಿ ಸಾಲಪತ್ರ ಕೊಡುತ್ತದೆ. ಆಮೇಲೆ ಅದನ್ನು ಒಂದೇ ಅಳತೆಯ ಫಾರಂಗಳಾಗಿ ಮಾಡಿ, ಜಾತಿ ಧರ್ಮ ನೋಡದೆ ಊರಿನ ಕುಟುಂಬಗಳ ಗುಂಪುಗಳಿಗೆ ಸಾಗುವಳಿಗೆ ಕೊಡುತ್ತದೆ. ಜಮೀನ್ದಾರ ಇಲ್ಲ, ಗೇಣಿದಾರ ಇಲ್ಲ, ಭೂಮಿ ಇಲ್ಲದ ಕೂಲಿಯೂ ಇಲ್ಲ. ಇದೆಲ್ಲ ಹತ್ತು ವರ್ಷದೊಳಗೆ ಆಗಬೇಕು. ಮುಖ್ಯವಾದ ಮಾತು, ಇದು ಸಂವಿಧಾನದ ಒಳಗೇ ಇರಬೇಕು. ಸಾಮಾನ್ಯ ಕಾನೂನು ಮಾಡಿದರೆ ಮುಂದಿನ ಬಹುಮತ ಬಂದು ಅಳಿಸುತ್ತದೆ.

ಇದರ ಹಿಂದೆ ಇರುವ ತರ್ಕ ಸರಳ. ಕೆಲಸ ಇಲ್ಲದವನ ಮುಂದೆ ಎರಡು ಆಯ್ಕೆ ಇಡಿ ಅನ್ನುತ್ತಾರೆ. ಒಂದು ಕಡೆ ಕೆಲಸ ಇದೆ, ಆದರೆ ಗಂಟೆಗಳ ಮಿತಿ ಇಲ್ಲ, ಸಂಘ ಕಟ್ಟುವ ಹಾಗಿಲ್ಲ. ಇನ್ನೊಂದು ಕಡೆ ಮಾತಿನ ಸ್ವಾತಂತ್ರ್ಯ, ಸಂಘದ ಸ್ವಾತಂತ್ರ್ಯ, ಎಲ್ಲ ಇದೆ, ಕೆಲಸ ಇಲ್ಲ. ಅವನು ಯಾವುದನ್ನು ಆರಿಸುತ್ತಾನೆ? ಹೊಟ್ಟೆಯ ಹೆದರಿಕೆ ಮೂಲಭೂತ ಹಕ್ಕನ್ನು ಮಾರಿಸುತ್ತದೆ. ಸರ್ಕಾರ ದೂರ ನಿಂತರೆ ಸ್ವಾತಂತ್ರ್ಯ ಬರುತ್ತದೆ ಅನ್ನುವವರಿಗೆ ಅವರು ಕೇಳುವುದು, ಯಾರಿಗೆ ಸ್ವಾತಂತ್ರ್ಯ? ಗೇಣಿ ಏರಿಸುವ ಜಮೀನ್ದಾರನಿಗೆ, ಕೂಲಿ ಇಳಿಸುವ ಮಾಲೀಕನಿಗೆ. ಸರ್ಕಾರ ಬಿಟ್ಟುಕೊಟ್ಟ ಜಾಗದಲ್ಲಿ ಖಾಸಗಿ ಒಡೆಯನ ಸರ್ವಾಧಿಕಾರ ಬಂದು ಕೂರುತ್ತದೆ.

ಜಾರಿಯಾಗಿದ್ದು ಸ್ವಲ್ಪ. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಗಿ ಎಲ್‌ಐಸಿ ಬಂತು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ಅಂಬೇಡ್ಕರ್ ಕೈಯಲ್ಲಿತ್ತು. 1946ರ ಕಾರ್ಖಾನೆ ಕಾಯಿದೆ ತಿದ್ದುಪಡಿಯಿಂದ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಬೇಕು ಅನ್ನುವ ಇಂದಿನ ಚರ್ಚೆ ಕೇಳುವಾಗ ಈ 48 ಗಂಟೆ ಎಲ್ಲಿಂದ ಬಂತು ಅಂತ ನೆನಪಿರಲಿ.

ಇಷ್ಟೆಲ್ಲ ಬರೆದವರೇ ಸಂವಿಧಾನದಲ್ಲಿ 'ಸಮಾಜವಾದಿ' ಪದ ಬೇಡ ಅಂದರಲ್ಲ?

ಅಂದರು. 1948ರ ನವೆಂಬರ್ 15ರಂದು ಸಂವಿಧಾನ ಸಭೆಯ ಸದಸ್ಯ ಕೆ.ಟಿ. ಶಾ ಆ ಪದ ಸೇರಿಸಲು ತಿದ್ದುಪಡಿ ತಂದಾಗ ಅಂಬೇಡ್ಕರ್ ವಿರೋಧಿಸಿದರು. ಎರಡು ಕಾರಣ ಕೊಟ್ಟರು. ಮುಂದಿನ ಪೀಳಿಗೆ ತನ್ನ ಆರ್ಥಿಕ ವ್ಯವಸ್ಥೆಯನ್ನು ಹೇಗೆ ಕಟ್ಟಿಕೊಳ್ಳಬೇಕು ಅಂತ ನಾವು ಈಗಲೇ ಕಟ್ಟಿಹಾಕುವುದು ಪ್ರಜಾಪ್ರಭುತ್ವ ಅಲ್ಲ. ಜೊತೆಗೆ, ಸಂಪತ್ತು ಕೆಲವರ ಕೈಯಲ್ಲಿ ಸೇರಬಾರದು ಅನ್ನುವ ನಿರ್ದೇಶಕ ತತ್ವಗಳು ಆಗಲೇ ಇವೆ. ಅದು ಸಮಾಜವಾದ ಅಲ್ಲದಿದ್ದರೆ ಇನ್ನೇನು?

1947ರ ಮನವಿಗೂ ಈ ಮಾತಿಗೂ ಹೊಂದಾಣಿಕೆ ಇಲ್ಲ ಅನ್ನುವುದು ಸರಿಯಾದ ಆಕ್ಷೇಪಣೆ. ಅದನ್ನು ಮುಚ್ಚಿಡುವ ಅಭಿಮಾನಿಗಳು ಅವರಿಗೆ ಉಪಕಾರ ಮಾಡುತ್ತಿಲ್ಲ. ನಾನು ಓದಿಕೊಂಡಿರುವುದು ಹೀಗೆ: ಮೊದಲನೆಯದು ಒಂದು ಸಮುದಾಯದ ವಕೀಲರಾಗಿ ಬರೆದದ್ದು, ಎರಡನೆಯದು ಎಲ್ಲರ ಪರವಾಗಿ ಕರಡು ಸಮಿತಿಯ ಅಧ್ಯಕ್ಷರಾಗಿ ಆಡಿದ್ದು. ಆ ಸಭೆಯಲ್ಲಿ ಅವರ ಮನವಿಗೆ ಬಹುಮತ ಸಿಗುವ ಸಾಧ್ಯತೆಯೇ ಇರಲಿಲ್ಲ. ಪದ ಕೊನೆಗೂ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯ ಕಾಲದಲ್ಲಿ.

ಸಾಮಾಜಿಕ ನ್ಯಾಯಕ್ಕೆ ಧರ್ಮ ಯಾಕೆ ಬೇಕು? ಒಳ್ಳೆ ಕಾನೂನು ಸಾಲದಾ?

ಕಾನೂನನ್ನೇ ಬರೆದ ಮನುಷ್ಯ ಸಾಲದು ಅಂದಿದ್ದಾರೆ. ಅದಕ್ಕೇ ಈ ಪ್ರಶ್ನೆ ಕುತೂಹಲದ್ದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ ಒಂದು ಮಾತು ಎಲ್ಲರಿಗೂ ಗೊತ್ತು. 1950ರ ಜನವರಿ 26ರಿಂದ ನಾವು ವೈರುಧ್ಯದ ಬದುಕಿಗೆ ಕಾಲಿಡುತ್ತೇವೆ, ಮತದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ. ಅದೇ ಭಾಷಣದ ಇನ್ನೊಂದು ಮಾತು ಅಷ್ಟು ಓಡಾಡುವುದಿಲ್ಲ. ಸೋದರತೆ ಇಲ್ಲದಿದ್ದರೆ ಸ್ವಾತಂತ್ರ್ಯ ಮತ್ತು ಸಮಾನತೆ ಸಹಜವಾಗಿ ನಡೆಯುವುದಿಲ್ಲ, ಅವನ್ನು ಜಾರಿ ಮಾಡಲು ಕಾನ್‌ಸ್ಟೇಬಲ್ ಬೇಕಾಗುತ್ತದೆ ಅಂದರು.

ಯೋಚಿಸಿ ನೋಡಿ. ಊರಿನ ಹೋಟೆಲಿನಲ್ಲಿ ಎರಡು ಲೋಟದ ಪದ್ಧತಿ ಅಪರಾಧ. ಆದರೆ ಪ್ರತಿ ಲೋಟದ ಪಕ್ಕ ಪೊಲೀಸ್ ನಿಲ್ಲಿಸಲು ಆಗುತ್ತದಾ? ಯಾರೂ ನೋಡದಿದ್ದಾಗಲೂ ಪಕ್ಕದವನನ್ನು ಮನುಷ್ಯ ಅಂತ ಕಾಣುವ ಅಭ್ಯಾಸ ಎಲ್ಲಿಂದ ಬರಬೇಕು? ಅವರ ಉತ್ತರ, ಧರ್ಮದಿಂದ. 1954ರ ಅಕ್ಟೋಬರ್ 3ರ ಆಕಾಶವಾಣಿ ಮಾತಿನಲ್ಲಿ ಸ್ಪಷ್ಟವಾಗಿ ಹೇಳಿದರು: ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನು ನಾನು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದಿಲ್ಲ, ನನ್ನ ಗುರು ಬುದ್ಧನಿಂದ ಪಡೆದಿದ್ದೇನೆ.

ಯಾವ ಧರ್ಮ ಆದರೂ ಆಗುತ್ತದೆ ಅಂತ ಅಲ್ಲ. ನಿಯಮಗಳ ಧರ್ಮ ಬೇರೆ, ತತ್ವಗಳ ಧರ್ಮ ಬೇರೆ ಅಂತ 'ಜಾತಿ ವಿನಾಶ'ದಲ್ಲೇ ಗೆರೆ ಎಳೆದಿದ್ದರು. ಇದನ್ನು ಮಾಡು, ಅದನ್ನು ಮುಟ್ಟಬೇಡ ಅನ್ನುವುದು ನಿಯಮ. ಹೇಗೆ ತೂಗಿ ನೋಡಬೇಕು ಅಂತ ಕಲಿಸುವುದು ತತ್ವ. ಕೊಲಂಬಿಯಾದಲ್ಲಿ ಅವರಿಗೆ ಪಾಠ ಹೇಳಿದ ಜಾನ್ ಡ್ಯೂಯಿಯ ನೆರಳು ಇಲ್ಲಿದೆ. ಪ್ರಜಾಪ್ರಭುತ್ವ ಅಂದರೆ ಸರ್ಕಾರದ ಒಂದು ನಮೂನೆ ಮಾತ್ರ ಅಲ್ಲ, ಕೂಡಿ ಬದುಕುವ ರೀತಿ ಅನ್ನುವುದು ಆ ಮೇಷ್ಟರ ಪಾಠ.

ಬುದ್ಧ ದುಡ್ಡು, ಬಡತನದ ಬಗ್ಗೆ ಮಾತಾಡಿದ್ದಾನಾ? ಅವನದು ಬರೀ ಧ್ಯಾನ ಅಲ್ವಾ?

ಮಾತಾಡಿದ್ದಾನೆ, ಬಹಳ. ಧ್ಯಾನದ ಆ್ಯಪ್‌ಗಳಲ್ಲಿ ಅದು ಬರುವುದಿಲ್ಲ, ಅಷ್ಟೇ.

ದೀಘ ನಿಕಾಯ ಅಂದರೆ ಬುದ್ಧನ ಉಪದೇಶಗಳ ಒಂದು ಪಾಲಿ ಸಂಗ್ರಹ, ಅದರ ಒಂದೊಂದು ಉಪದೇಶ ಒಂದೊಂದು ಸುತ್ತ. ಅದರಲ್ಲಿನ ಚಕ್ಕವತ್ತಿ ಸೀಹನಾದ ಸುತ್ತ ಹೀಗೆ ಸಾಗುತ್ತದೆ. ಒಬ್ಬ ರಾಜ ಎಲ್ಲ ಚೆನ್ನಾಗಿ ಮಾಡಿದ, ಆದರೆ ಇಲ್ಲದವರಿಗೆ ಕೊಡುವುದನ್ನು ಬಿಟ್ಟ. ಬಡತನ ಬೆಳೆಯಿತು. ಒಬ್ಬ ಕದ್ದ. ಹಿಡಿದು ತಂದರು. ಯಾಕಪ್ಪಾ ಕದ್ದೆ? ಬದುಕಲು ಏನೂ ಇಲ್ಲ ದೊರೆ. ರಾಜ ಅವನಿಗೆ ದುಡ್ಡು ಕೊಟ್ಟು, ಅಪ್ಪ ಅಮ್ಮನನ್ನು ಸಾಕು, ಏನಾದರೂ ಉದ್ಯೋಗ ಮಾಡು ಅಂದ. ಸುದ್ದಿ ಹಬ್ಬಿತು. ಕದ್ದರೆ ರಾಜ ದುಡ್ಡು ಕೊಡುತ್ತಾನಂತೆ! ಇನ್ನಷ್ಟು ಜನ ಕದ್ದರು. ರಾಜ ರೇಗಿ, ಮುಂದೆ ಸಿಕ್ಕವನನ್ನು ತಮಟೆ ಬಡಿಸಿ ಮೆರವಣಿಗೆ ಮಾಡಿಸಿ ತಲೆ ತೆಗೆಸಿದ. ಆಗ ಜನ ಏನು ಮಾಡಿದರು? ತಾವೂ ಕತ್ತಿ ಮಾಡಿಸಿಕೊಂಡರು. ಊರು ದೋಚಿದರು, ದೋಚಿಸಿಕೊಂಡವರ ತಲೆ ಕಡಿದರು. ಬಡತನದಿಂದ ಕಳ್ಳತನ, ಕಳ್ಳತನದಿಂದ ಆಯುಧ, ಆಯುಧದಿಂದ ಕೊಲೆ, ಆಮೇಲೆ ಸುಳ್ಳು. ಮನುಷ್ಯರ ಆಯಸ್ಸು 80,000 ವರ್ಷದಿಂದ ಇಳಿಯುತ್ತಾ ಹತ್ತು ವರ್ಷಕ್ಕೆ ಬರುತ್ತದೆ. ಈ ಕತೆಯಲ್ಲಿ ನನಗೆ ಇಷ್ಟವಾಗುವುದು, ಸಿಕ್ಕಿಬಿದ್ದವನಿಗೆ ಮಾತ್ರ ಕೈಗೆ ಕಾಸು ಕೊಡುವುದನ್ನೂ ಅದು ಪರಿಹಾರ ಅಂತ ಒಪ್ಪುವುದಿಲ್ಲ. ಗಲ್ಲನ್ನೂ ಒಪ್ಪುವುದಿಲ್ಲ.

ಹಾಗಾದರೆ ಪರಿಹಾರ? ಅದೇ ನಿಕಾಯದ ಕೂಟದಂತ ಸುತ್ತದಲ್ಲಿದೆ. ಮಹಾವಿಜಿತ ಅನ್ನುವ ರಾಜನಿಗೆ ದೊಡ್ಡ ಯಜ್ಞ ಮಾಡುವ ಆಸೆ. ಪುರೋಹಿತ ಹೇಳುತ್ತಾನೆ: ರಾಜ್ಯದಲ್ಲಿ ಕಳ್ಳಕಾಕರು ತುಂಬಿದ್ದಾರೆ, ಈಗ ತೆರಿಗೆ ಹಾಕಬೇಡ, ಕೊಂದರೂ ಕಾಟ ತೀರುವುದಿಲ್ಲ. ರೈತರಿಗೆ ಬೀಜ, ಮೇವು ಕೊಡು. ವ್ಯಾಪಾರಿಗೆ ಬಂಡವಾಳ ಕೊಡು. ನೌಕರನಿಗೆ ಊಟ, ಸಂಬಳ ಕೊಡು. ರಾಜ ಹಾಗೇ ಮಾಡಿದ. ಜನ ಬಾಗಿಲು ತೆರೆದಿಟ್ಟು ಮಲಗುವಂತಾಯಿತು, ಮಕ್ಕಳನ್ನು ಎತ್ತಿ ಕುಣಿಸಿದರು. ಕೊನೆಗೆ ನಡೆದ ಯಜ್ಞದಲ್ಲಿ ಒಂದು ಪ್ರಾಣಿ ಸಾಯಲಿಲ್ಲ, ಒಂದು ಮರ ಬೀಳಲಿಲ್ಲ, ಆಳುಗಳು ಬೆತ್ತಕ್ಕೆ ಹೆದರಿ ಅಳುತ್ತಾ ದುಡಿಯಲಿಲ್ಲ.

ಗಮನಿಸಿ, ವ್ಯಾಪಾರಿಗೂ ಬಂಡವಾಳ ಕೊಡು ಅಂತಿದೆ. ಬುದ್ಧ ಗೃಹಸ್ಥರ ಆಸ್ತಿಯನ್ನು ಬೈಯಲಿಲ್ಲ. ಅನಾಥಪಿಂಡಿಕನಂಥ ಸಿರಿವಂತ ಅವನ ಶಿಷ್ಯ. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯ ಒಂದು ಪಾಲು ಉಣ್ಣಲು, ಎರಡು ಪಾಲು ಉದ್ಯೋಗಕ್ಕೆ, ಒಂದು ಪಾಲು ಕಷ್ಟಕಾಲಕ್ಕೆ ಅನ್ನುವ ಲೆಕ್ಕವಿದೆ. ಅಲ್ಲೇ ಒಡೆಯನಿಗೂ ಐದು ಕರ್ತವ್ಯ ಹೇಳಿದ್ದಾನೆ. ಆಳಿನ ಶಕ್ತಿ ನೋಡಿ ಕೆಲಸ ಕೊಡು. ಊಟ, ಕೂಲಿ ಕೊಡು. ಕಾಯಿಲೆ ಬಿದ್ದರೆ ನೋಡಿಕೋ. ಮನೆಯಲ್ಲಿ ವಿಶೇಷ ಅಡುಗೆ ಮಾಡಿದರೆ ಹಂಚು. ಆಗಾಗ ರಜೆ ಕೊಡು.

ಭಿಕ್ಕುವಿಗೆ ಮಾತ್ರ ನಿಯಮ ಬಿಗಿ. ಮೂರು ಚೀವರ (ಉಡುವ, ಹೊದೆಯುವ ಬಟ್ಟೆ), ಸೊಂಟಪಟ್ಟಿ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ. ಇಷ್ಟೇ ಎಂಟು ವಸ್ತು.

ಅಂಬೇಡ್ಕರ್ ಮಾರ್ಕ್ಸ್‌ನಿಂದ ಏನು ತೆಗೆದುಕೊಂಡರು, ಏನು ಬಿಟ್ಟರು?

ಇದಕ್ಕೆ ಅವರೇ ಲೆಕ್ಕ ಕೊಟ್ಟಿದ್ದಾರೆ. 'ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್' ಅನ್ನುವ ಪ್ರಬಂಧ ಅವರು ಬದುಕಿದ್ದಾಗ ಅಚ್ಚಾಗಲಿಲ್ಲ. 1956ರ ನವೆಂಬರ್‌ನಲ್ಲಿ ಕಠ್ಮಂಡುವಿನ ಬೌದ್ಧ ಸಮ್ಮೇಳನದಲ್ಲಿ ಇದೇ ವಿಷಯ ಮಾತಾಡಿದರು. ಮೂರು ವಾರ ತುಂಬುವ ಮೊದಲೇ, ಡಿಸೆಂಬರ್ 6ರಂದು ತೀರಿಕೊಂಡರು.

ಮಾರ್ಕ್ಸ್ ಹೇಳಿದ್ದರಲ್ಲಿ ಬಹಳಷ್ಟು ಸುಳ್ಳಾಗಿದೆ ಅನ್ನುತ್ತಾರೆ. ಸಮಾಜವಾದ ಬಂದೇ ತೀರುತ್ತದೆ ಅನ್ನುವುದು ಒಂದು. ರಷ್ಯಾದಲ್ಲಿ ಅದು ತಾನಾಗಿ ಬರಲಿಲ್ಲ, ಜನ ಯೋಜನೆ ಹಾಕಿ, ರಕ್ತ ಹರಿಸಿ ತಂದರು. ಸುಟ್ಟ ಮೇಲೆ ಉಳಿದ ಬೆಂಕಿ ಚಿಕ್ಕದು, ಆದರೆ ಮುಖ್ಯವಾದದ್ದು ಅಂತ ನಾಲ್ಕು ಅಂಶ ಉಳಿಸಿಕೊಳ್ಳುತ್ತಾರೆ. ತತ್ವಶಾಸ್ತ್ರದ ಕೆಲಸ ಜಗತ್ತು ಹೇಗೆ ಹುಟ್ಟಿತು ಅಂತ ವಿವರಿಸುವುದಲ್ಲ, ಅದನ್ನು ಹೊಸದಾಗಿ ಕಟ್ಟುವುದು. ವರ್ಗ ವರ್ಗದ ನಡುವೆ ಹಿತಗಳ ತಿಕ್ಕಾಟ ಇದೆ. ಖಾಸಗಿ ಆಸ್ತಿ ಒಬ್ಬರಿಗೆ ಅಧಿಕಾರ, ಇನ್ನೊಬ್ಬರಿಗೆ ಸಂಕಟ ತರುತ್ತದೆ. ಆ ಆಸ್ತಿ ಹೋದರೆ ಸಂಕಟ ಹೋಗುತ್ತದೆ.

ನಾಲ್ಕಕ್ಕೂ ಬುದ್ಧನಲ್ಲಿ ಸಾಟಿ ತೋರಿಸುತ್ತಾರೆ. ಹಿಡಿದಿಟ್ಟುಕೊಳ್ಳುವ ಆಸೆಯಿಂದ ಒಡೆತನ, ಒಡೆತನದಿಂದ ಜಿಪುಣತನ, ಕಾವಲು, ಕೊನೆಗೆ ದೊಣ್ಣೆ, ಕತ್ತಿ ಅಂತ ಬುದ್ಧ ತನ್ನ ಶಿಷ್ಯ ಆನಂದನಿಗೆ ಹೇಳುವ ಸಂವಾದವನ್ನು ಎತ್ತಿ ಕೊಡುತ್ತಾರೆ. ಗುರಿ ಒಂದೇ, ದಾರಿ ಬೇರೆ. ಮಾರ್ಕ್ಸ್ ದಾರಿಯಲ್ಲಿ ಬಲಪ್ರಯೋಗ ಮತ್ತು ಶ್ರಮಿಕರ ಸರ್ವಾಧಿಕಾರ. ಆ ಬಲ ತೆಗೆದ ದಿನ ಏನು ಉಳಿಯುತ್ತದೆ ಅನ್ನುವುದಕ್ಕೆ ಕಮ್ಯುನಿಸ್ಟರ ಬಳಿ ಉತ್ತರ ಇಲ್ಲ ಅನ್ನುತ್ತಾರೆ. ಸೋವಿಯತ್ ಒಕ್ಕೂಟ 1991ರಲ್ಲಿ ಬಿದ್ದಾಗ ಈ ಪ್ರಶ್ನೆಯನ್ನು ಎಷ್ಟೋ ಜನ ಮತ್ತೆ ತೆಗೆದು ಓದಿದ್ದು ಸುಮ್ನೆ ಅಲ್ಲ.

ಬುದ್ಧ ಕರ್ಮ ಸಿದ್ಧಾಂತ ಹೇಳುತ್ತಾನಲ್ಲ? ಹಾಗಾದರೆ ಬಡತನ ಹಣೆಬರಹ ಆಯಿತಲ್ಲ?

ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಅನ್ನುವುದನ್ನು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಂಬೇಡ್ಕರ್ ಖಡಾಖಂಡಿತವಾಗಿ ತಳ್ಳಿಹಾಕುತ್ತಾರೆ. ಹಾಗೆ ನಂಬಿದರೆ ಬಡವರ ಬಗ್ಗೆ ಸಮಾಜಕ್ಕೆ ಜವಾಬ್ದಾರಿಯೇ ಉಳಿಯುವುದಿಲ್ಲ ಅನ್ನುವುದು ಕಾರಣ. ಇದು ಬುದ್ಧನ ಬೌದ್ಧಧರ್ಮ ಅಲ್ಲ, ಅಂಬೇಡ್ಕರ್ ಅವರದೇ ಅಂತ ಸಾಂಪ್ರದಾಯಿಕ ಬೌದ್ಧರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ. ಆದರೆ ಹಳೆಯದನ್ನು ಹೊಸ ಕಣ್ಣಿನಿಂದ ಓದದ ಧರ್ಮ ಯಾವುದಿದೆ ಹೇಳಿ?

ಗಾಂಧಿಯವರೂ ಬಂಡವಾಳಶಾಹಿಯನ್ನು ಟೀಕಿಸಿದರು. ಇಬ್ಬರೂ ಒಂದೇ ಅಲ್ವಾ?

ಅಲ್ಲ. ಸಿರಿವಂತ ತನ್ನ ಸಂಪತ್ತಿಗೆ ಧರ್ಮದರ್ಶಿಯಂತೆ ಇರಬೇಕು ಅನ್ನುವುದು ಗಾಂಧಿಯವರ ಟ್ರಸ್ಟೀಶಿಪ್. ಇಟ್ಟುಕೊಂಡವನ ಒಳ್ಳೆತನದ ಮೇಲೆ ಇಲ್ಲದವನ ಬದುಕು ನಿಲ್ಲುವುದನ್ನು ಅಂಬೇಡ್ಕರ್ ಒಪ್ಪಲಿಲ್ಲ. ಯಂತ್ರದ ವಿಷಯದಲ್ಲೂ ಹಾಗೇ. ಮನುಷ್ಯನಿಗೆ ಬಿಡುವು ಬೇಕು, ಬಿಡುವಿದ್ದರೆ ತಾನೇ ಓದು, ಕಲೆ, ವಿಚಾರ? ಬಿಡುವು ಕೊಡುವುದು ಯಂತ್ರ. ಕೆಡುಕು ಯಂತ್ರದಲ್ಲಿಲ್ಲ, ಅದರ ಫಲವನ್ನು ಒಬ್ಬನಿಗೆ ಬಿಟ್ಟುಕೊಡುವ ವ್ಯವಸ್ಥೆಯಲ್ಲಿದೆ ಅಂತ 1945ರಲ್ಲಿ ಬರೆದರು. ತಲೆಮಾರುಗಳಿಂದ ಕೈಯಲ್ಲೇ ಎಲ್ಲ ಹೊತ್ತವರಿಗೆ ಚರಕ ಬೇರೆ ಥರ ಕಾಣುತ್ತದೆ.

ಕಾಯಕ, ದಾಸೋಹದಲ್ಲಿ ಇದೆಲ್ಲ ಮೊದಲೇ ಇತ್ತು ಅನ್ನುತ್ತಾರೆ. ನಿಜವಾ?

ಸ್ವಲ್ಪ ನಿಜ. 12ನೇ ಶತಮಾನದ ಶರಣರು ಕೆಲಸಗಳ ಮೇಲು ಕೀಳನ್ನು ಒಪ್ಪಲಿಲ್ಲ. ಕೂಡಿಡುವುದನ್ನೂ ಒಪ್ಪಲಿಲ್ಲ. ಅಕ್ಕಿ ಆಯುವುದೇ ಕಾಯಕವಾಗಿದ್ದ ಶರಣ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ, "ಈಸಕ್ಕಿಯಾಸೆ ನಿಮಗೇಕೆ?" ಅಂತ ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದಳು. ಅಂದಹಾಗೆ, 'ಕಾಯಕವೇ ಕೈಲಾಸ' ಬಸವಣ್ಣನ ಮಾತು ಅಂತ ಬಸ್ ಸ್ಟ್ಯಾಂಡ್ ಗೋಡೆಗಳಲ್ಲೆಲ್ಲ ಇದೆ. ಆ ಮಾತು ಬರುವುದು ಇದೇ ಆಯ್ದಕ್ಕಿ ಮಾರಯ್ಯನ ವಚನದಲ್ಲಿ.

ಆದರೆ ಲಕ್ಕಮ್ಮನ ನ್ಯಾಯ ನಿಂತಿರುವುದು ಭಕ್ತನ ವ್ರತದ ಮೇಲೆ. ಹೆಚ್ಚು ತಂದವನಿಗೆ ನಾಚಿಕೆ ಇರಬೇಕು, ಹೇಳುವವರು ಮನೆಯಲ್ಲಿ ಇರಬೇಕು. ಗಿರಣಿ ಮಾಲೀಕನಿಗೆ ಹಾಗೆ ಹೇಳುವವರು ಯಾರು? ಅಂಬೇಡ್ಕರ್ ಅದಕ್ಕೇ ಮನಸ್ಸು ಮತ್ತು ಕಾನೂನು ಎರಡನ್ನೂ ಹಿಡಿದರು. 'ಕಾಯಕವೇ ಕೈಲಾಸ'ವನ್ನು ಓವರ್‌ಟೈಮ್ ಕೊಡದೆ ದುಡಿಸಿಕೊಳ್ಳಲು ಗೋಡೆಗೆ ಹಾಕುವ ಕಂಪನಿಗಳಿಗೆ ಲಕ್ಕಮ್ಮನ ವಚನವನ್ನೂ ಪಕ್ಕದಲ್ಲೇ ಹಾಕಿ ಅನ್ನಬೇಕು ಅನಿಸುತ್ತದೆ.

ದಲಿತರು ಉದ್ಯಮಿಗಳಾಗುವುದು ಅಂಬೇಡ್ಕರ್ ವಿಚಾರಕ್ಕೆ ವಿರುದ್ಧನಾ?

ಇಲ್ಲ. ದಲಿತ್ ಇಂಡಿಯನ್ ಚೇಂಬರ್ ಆಫ್ ಕಾಮರ್ಸ್ ಅಂಡ್ ಇಂಡಸ್ಟ್ರಿ 2005ರಲ್ಲಿ ಶುರುವಾದಾಗಿಂದ ಈ ಚರ್ಚೆ ಇದೆ. ಮಾರುಕಟ್ಟೆಯಲ್ಲಿ ಗಿರಾಕಿ ಜಾತಿ ಕೇಳುವುದಿಲ್ಲ ಅನ್ನುವುದು ಅದರ ಪರ ಇರುವವರ ಮಾತು. ಬ್ಯಾಂಕ್ ಸಾಲ, ಬಾಡಿಗೆ ಅಂಗಡಿ, ಹೋಲ್‌ಸೇಲ್ ಉದ್ರಿ ಇವೆಲ್ಲ ನೆಂಟರಿಷ್ಟರ ಮೇಲೆ ನಡೆಯುವ ಊರಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಒಬ್ಬ ಉದ್ಯಮಿಯಾದರೆ ಅವನ ಮನೆಗೆ ಒಳ್ಳೆಯದು, ನೋಡುವವರಿಗೆ ಧೈರ್ಯ. ಅವನ ಕಾರ್ಖಾನೆಯಲ್ಲಿ ದುಡಿಯುವವರ ಪ್ರಶ್ನೆ ಮಾತ್ರ ಮನ್ಮಾಡ್‌ನಲ್ಲಿ ಇದ್ದಲ್ಲೇ ಇರುತ್ತದೆ.

ಕರ್ನಾಟಕಕ್ಕೆ ಇದರಲ್ಲಿ ಏನಾದರೂ ಸಂಬಂಧ ಇದೆಯಾ?

ಇದೆ. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವ ದಶಕಗಳ ಮೊದಲೇ, 20ನೇ ಶತಮಾನದ ಆರಂಭದಲ್ಲಿ, ಕೋಲಾರ ಚಿನ್ನದ ಗಣಿಯ ತಮಿಳು ದಲಿತ ಕಾರ್ಮಿಕರು ಮದರಾಸಿನ ದಲಿತ ಚಿಂತಕ ಅಯೋತಿದಾಸರ ಬೌದ್ಧ ಸಂಘದ ಶಾಖೆ ಕಟ್ಟಿಕೊಂಡಿದ್ದರು. ಹಗಲು ನೆಲದಡಿಯ ದುಡಿಮೆ, ಸಂಜೆ ಬುದ್ಧನ ಚರ್ಚೆ. 1954ರಲ್ಲಿ ಅಂಬೇಡ್ಕರ್ ಕೆಜಿಎಫ್‌ಗೆ ಬಂದರು.

ಇನ್ನೊಂದು ಸಂಬಂಧ ಕಹಿಯಾದದ್ದು. ಗೇಣಿ ಕಾಯಿದೆಯಿಂದ ಭೂಮಿಯೇ ಇಲ್ಲದ ಅಸ್ಪೃಶ್ಯರಿಗೆ ಏನೂ ಸಿಗುವುದಿಲ್ಲ ಅಂತ 1947ರ ಮನವಿಯಲ್ಲಿ ಬರೆದಿತ್ತು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕರ್ನಾಟಕದಲ್ಲಿ ದೊಡ್ಡ ಹೆಜ್ಜೆ, ಅದರಲ್ಲಿ ಎರಡು ಮಾತಿಲ್ಲ. ಗೇಣಿದಾರ ಒಡೆಯನಾದ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಅರ್ಜಿ ಯಾವುದರ ಮೇಲೆ ಹಾಕಬೇಕಿತ್ತು? ಅವರಲ್ಲಿ ಬಹಳ ಜನ ದಲಿತರು. ಅದೇ ದಶಕದಲ್ಲಿ ಬಿ. ಕೃಷ್ಣಪ್ಪ ಮುಂತಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಭೂಮಿಯ ಪ್ರಶ್ನೆ ಎತ್ತಿಕೊಂಡಿತು. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕಡಿಮೆ ದುಡ್ಡಿಗೆ ಬರೆಸಿಕೊಳ್ಳುವುದನ್ನು ತಡೆಯಲು 1978ರ ಪಿಟಿಸಿಎಲ್ ಕಾಯಿದೆ ಬಂತು. 2020ರಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಭೂಸುಧಾರಣಾ ಕಾಯಿದೆಯನ್ನು ಸಡಿಲ ಮಾಡಿದಾಗ, ಯಾರ ಸ್ವಾತಂತ್ರ್ಯ ಅನ್ನುವ 1947ರ ಪ್ರಶ್ನೆ ಮತ್ತೆ ಕೇಳಬೇಕಾಯಿತು.

ಅಂಬೇಡ್ಕರ್ ವಾದದಲ್ಲಿ ದೌರ್ಬಲ್ಯವೇ ಇಲ್ವಾ?

ಇದೆ. ಸರ್ಕಾರದ ಕೈಗೆ ಅಷ್ಟೊಂದು ಕೊಟ್ಟರೆ, ಆ ಸರ್ಕಾರದ ಕುರ್ಚಿಯಲ್ಲಿ ಕೂರುವವರು ಯಾರು? ಸ್ಟೇಷನ್ ಮಾಸ್ಟರ್ ಕೂಡ ಒಂದು ಥರ ಅಧಿಕಾರಿಯೇ ಆಗಿದ್ದ. ಹಳ್ಳಿಯ ಬಲಾಢ್ಯ ಜಾತಿಗಳನ್ನು ಅಷ್ಟು ಅನುಮಾನದಿಂದ ನೋಡಿದವರು, ಅದೇ ಹಳ್ಳಿಯಲ್ಲಿ ಸಾಮೂಹಿಕ ಫಾರಂ ಜಾತಿ ಬಿಟ್ಟು ನಡೆಯುತ್ತದೆ ಅಂತ ಹೇಗೆ ನಂಬಿದರು? ಹಕ್ಕನ್ನು ಸಂವಿಧಾನದಲ್ಲಿ ಬರೆದರೆ ಉಳಿಯುತ್ತದೆ ಅನ್ನುವ ಭರವಸೆ ಇದಕ್ಕೆ ಪೂರ್ತಿ ಉತ್ತರ ಆಗುವುದಿಲ್ಲ. 1956ರ ಅಕ್ಟೋಬರ್ 14ರ ನಾಗಪುರದ ದೀಕ್ಷೆಯನ್ನು ಈ ಕೊರತೆ ತುಂಬುವ ಪ್ರಯತ್ನ ಅಂತಲೇ ನಾನು ಓದುತ್ತೇನೆ. ಕಾನೂನು, ಧಮ್ಮ ಎರಡೂ ಒಟ್ಟಿಗೆ ನಡೆದಿದ್ದರೆ ಏನಾಗುತ್ತಿತ್ತು ಅಂತ ನೋಡಲು ಅವರಿಗೆ ಸಮಯ ಸಿಗಲಿಲ್ಲ.

ಓದಲು ಎಲ್ಲಿಂದ ಶುರು ಮಾಡಲಿ?

1949ರ ನವೆಂಬರ್ 25ರ ಭಾಷಣದಿಂದ. ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ಬುದ್ಧ, ಮಾರ್ಕ್ಸ್ ಪ್ರಬಂಧ. 'ಜಾತಿ ವಿನಾಶ' ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಕನ್ನಡದಲ್ಲಿ ಕುವೆಂಪು ಭಾಷಾ ಭಾರತಿ ಸಂಪುಟಗಳಿವೆ, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ರೂಪಾಯಿ ಸಮಸ್ಯೆಯ ಬಗ್ಗೆ ಅವರು ಬರೆದ ಪುಸ್ತಕವನ್ನು ಮಾತ್ರ ಮೊದಲಿಗೇ ಹಿಡಿಯಬೇಡಿ, ಎರಡನೇ ಅಧ್ಯಾಯದಲ್ಲೇ ನಿದ್ದೆ ಬರುತ್ತದೆ.